ಮಣ್ಣಿಗೆ ಬಿದ್ದ ಮದ್ದಿನ ಲೆಕ್ಕ

ಶಂಕರಪುರದ ಮಲ್ಲಿಗೆಯ ವ್ಯವಹಾರದಲ್ಲಿ ಲೆಕ್ಕ ತಪ್ಪುವುದು ಅಪೂರ್ವ. 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಕಟ್ಟಿದ ಹೂವು ಯಾರ ಮನೆಯಿಂದ ಎಷ್ಟು ಬಂದಿತು, ಅಂದಿನ ದರವೆಷ್ಟು ಎಂಬುದೆಲ್ಲ ಹೂವು ಕೊಳ್ಳುವ ಕಟ್ಟೆಯವರ ಪುಸ್ತಕವನ್ನು ಸೇರಿರುತ್ತದೆ. ಹೀಗೆ ಮೊಗ್ಗನ್ನೂ ಎಣಿಸಿ ಬರೆದಿಡುವ ಸೀಮೆಯಲ್ಲಿ, ಆ ಮೊಗ್ಗು ಬಿಟ್ಟ ಗಿಡದ ಬುಡಕ್ಕೆ ಮದ್ದು ಬಿದ್ದುದು ಯಾವಾಗ ಎಂದು ಕೇಳಿದರೆ, “ಚೌತಿಯ ಆಚೆ ಈಚೆ ಇರಬೇಕು ಮಾರಾಯ್ರೆ” ಎಂಬ ಉತ್ತರ ಬರುತ್ತದೆ. ಮಣ್ಣಿಗೆ ವಿಷವುಣಿಸುವ ಕಾರ್ಯವನ್ನು ಕುರಿತ ನಮ್ಮ ನಿಯಮಗಳನ್ನು ಗ್ರಂಥದಂತೆ ವಿಮರ್ಶಿಸಹೊರಟವನು ಈ ಉತ್ತರದಿಂದಲೇ ಆರಂಭಿಸಬೇಕಾದೀತು.

ಕಾರ್ಕಳದ ಕಡೆಯ ಒಂದು ನರ್ಸರಿಯಲ್ಲಿ ನಾನು ಕಂಡುದನ್ನು ಹೇಳುತ್ತೇನೆ. ಬದನೆಯ ಸಸಿಗಳನ್ನು ಬುಡಕೊಳೆಯಿಂದ ಉಳಿಸಲೋಸುಗ, ಮಡಿಯ ಮಣ್ಣನ್ನು ನೀರು ಬೆರೆಸಿದ ಫಾರ್ಮಾಲಿನ್ನಿನಿಂದ ತೋಯಿಸಿ, ಆವಿ ಹೊರಬೀಳದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆಲ್ಲ ಮಣ್ಣೊತ್ತಿದ್ದರು. ಹಾಳೆ ತೆಗೆದ ಮೇಲೂ ಮಣ್ಣನ್ನು ಕೆದರಿ, ವಾಸನೆ ಪೂರ್ತಿ ಅಡಗುವ ತನಕ ಬಿತ್ತಬಾರದೆಂಬುದು ಶಾಸ್ತ್ರ. ಆದರೆ ಹೊದಿಸಿದ ದಿನ ಯಾವುದೆಂದೇ ಯಾರಿಗೂ ನಿಶ್ಚಯವಿರಲಿಲ್ಲ. ಹಾಳೆಯ ಮೂಲೆಯನ್ನೆತ್ತಿದ ಹೆಂಗಸು ಕೂಡಲೆ ಮುಖ ತಿರುಗಿಸಿ, ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ ಹಿಂದೆ ಸರಿದರು. ಕಡೆಗೆ ಯಜಮಾನರು ಕೂಲಿಯ ಪುಸ್ತಕವನ್ನು ತರಿಸಿ, ಆ ವಾರ ಬಂದವರ ಹೆಸರುಗಳ ಮೇಲೆ ಬೆರಳಾಡಿಸಿ ದಿನವನ್ನು ಊಹಿಸಿದರು. ಅದರಲ್ಲಿ ಚಹಾದ ಖರ್ಚಿಗೂ ಒಂದು ಸಾಲಿತ್ತು, ಮದ್ದಿಗೆ ಇರಲಿಲ್ಲ. ತರಗೆಲೆಯ ಮೇಲೆ ಮಣ್ಣು ಪೇರಿಸಿ ಬೆಂಕಿಯಿಡುತ್ತಿದ್ದ ಹಿರಿಯರ ಸುಡುಮಣ್ಣಿಗೆ ಇಂಥ ದಾಖಲೆ ಬೇಕಿರಲಿಲ್ಲವೆಂಬುದು ದಿಟ. ತಣಿದಿದೆಯೋ ಇಲ್ಲವೋ ಎಂಬುದನ್ನು ಅಂಗೈಯೇ ಹೇಳುತ್ತಿತ್ತು.

1958ರಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋಂಕಿದ ಆಹಾರವನ್ನುಂಡು ಕೇರಳ, ಮದ್ರಾಸು ರಾಜ್ಯಗಳಲ್ಲಿ ನೂರಕ್ಕೂ ಮಿಕ್ಕ ಜನ ಮಡಿದ ದುರಂತದ ನೆನಪು 1968ರ ಕೀಟನಾಶಕ ಅಧಿನಿಯಮದ ಹಿಂದೆ ಇದೆ. ಅದನ್ನನುಸರಿಸಿ ಬಂದ 1971ರ ನಿಯಮಾವಳಿಯ ಗುಣವನ್ನು ನಾನು ಅಲ್ಲಗಳೆಯಲಾರೆ. ಡಬ್ಬಿಯ ಮೇಲೆ ಓರೆಯಾಗಿ ನಿಂತ ಚೌಕ, ಅದರ ಕೆಳಗಿನ ತ್ರಿಕೋನದಲ್ಲಿ ವಿಷದ ತೀಕ್ಷ್ಣತೆಗೆ ತಕ್ಕಂತೆ ಕೆಂಪು, ಹಳದಿ, ನೀಲಿ, ಹಸುರು: ನಿರಕ್ಷರಿಯೂ ಓದಬಲ್ಲ ಈ ಲಿಪಿಯನ್ನು ಕಲ್ಪಿಸಿದವರು ನಿಜವಾಗಿಯೂ ಓದುಗನನ್ನು ಕಣ್ಣಮುಂದಿಟ್ಟುಕೊಂಡಿದ್ದರು. (ಒಳಗಿನ ಕರಪತ್ರವನ್ನು ಅಚ್ಚುಹಾಕಿಸುವವರಿಗೆ ಆ ವಿವೇಕವಿಲ್ಲ, ಅದಕ್ಕೆ ಭೂತಗನ್ನಡಿ ಬೇಕು.) ನಿಯಮಾವಳಿಯು ಮದ್ದು ಮುಟ್ಟುವವರಿಗೆ ರಕ್ಷಾವಸ್ತ್ರ, ಶಿಕ್ಷಣ, ವೈದ್ಯಪರೀಕ್ಷೆಗಳನ್ನೂ ವಿಧಿಸಿದೆ, ಅಂಗಡಿಯವನು ರಶೀದಿ ಕೊಡಬೇಕು, ದಾಸ್ತಾನು ಬರೆಯಬೇಕು. ಇಷ್ಟೆಲ್ಲ ಹೇಳಿದ ಬಳಿಕ, ಅಧಿನಿಯಮದ 38ನೆಯ ಕಲಮು, ತನ್ನ ಸ್ವಂತ ಸಾಗುವಳಿಯ ಭೂಮಿಯಲ್ಲಿ ಮದ್ದು ಬಳಸುವವನಿಗೆ ಇದಾವುದೂ ಅನ್ವಯಿಸದೆಂದು ಕೈತೊಳೆದುಕೊಳ್ಳುತ್ತದೆ. ಬಡ ರೈತನನ್ನು ಅಧಿಕಾರಿಯ ಕಾಟದಿಂದ ಪಾರುಮಾಡುವ ಸದುದ್ದೇಶ ಇದರಲ್ಲಿರಬಹುದು; ಆದರೆ ವಿಷವು ಮಣ್ಣನ್ನು ಸೇರುವ ಸ್ಥಳದಲ್ಲಿಯೇ ಗ್ರಂಥದ ಹಾಳೆ ಖಾಲಿಯಾಗಿ ಉಳಿದಿದೆ. ಅಮೆರಿಕದಲ್ಲಿ ಮಣ್ಣಿಗೆ ಅನಿಲವಿಷ ಹಾಯಿಸುವವನು ಮೊದಲು ಲಿಖಿತ ಯೋಜನೆಯನ್ನೂ ಮುಗಿದ ಮೇಲೆ ವರದಿಯನ್ನೂ ಸಿದ್ಧಪಡಿಸಿ 2 ವರ್ಷ ಕಾಪಾಡಬೇಕು. ಅಷ್ಟು ಕಾಗದ ನಮ್ಮ ತುಂಡುಭೂಮಿಗೆ ಭಾರವಾದೀತು. ಕೂಲಿಯ ಪುಸ್ತಕದಲ್ಲಿ ಇನ್ನೊಂದು ಸಾಲು ಭಾರವಲ್ಲ. ಆ ಸಾಲು ಆಪತ್ತಿನಲ್ಲೂ ನೆರವಾದೀತು: ಕಣ್ಣು ಮಂಜಾಗಿ ಬಾಯಿಯಲ್ಲಿ ನೊರೆಯೊಡನೆ ಮಣಿಪಾಲದ ಆಸ್ಪತ್ರೆ ಸೇರಿದವನ ವಿಷಯದಲ್ಲಿ ವೈದ್ಯರು ಮೊದಲು ಕೇಳುವುದು ಮದ್ದಿನ ಹೆಸರನ್ನೇ. ಒಂದು ಜಾತಿಯ ವಿಷಕ್ಕೆ ಅಟ್ರೋಪಿನ್ ಪ್ರತ್ಯೌಷಧ, ಅಲ್ಯುಮಿನಿಯಂ ಫಾಸ್ಫೈಡಿಗೆ ಪ್ರತ್ಯೌಷಧವೇ ಇಲ್ಲ.

ಪಾಲಿಸಲು ಮನಸ್ಸುಳ್ಳವನಿಗೂ ಒಂದು ನಿಯಮ ತೊಡಕನ್ನೊಡ್ಡುತ್ತದೆ. ಬರಿದಾದ ಡಬ್ಬಿಯನ್ನು ಒಡೆದು ಜನವಸತಿಯಿಂದ ದೂರ ಹೂಳತಕ್ಕದ್ದೆಂದು 44ನೆಯ ನಿಯಮ ವಿಧಿಸುತ್ತದೆ. ಕಾಪು ತಾಲೂಕಿನ ಮಟ್ಟುವಿನಲ್ಲಿ, 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಗುಳ್ಳ ಬದನೆ ಬೆಳೆಯುವ ಆ ಮರಳುಗದ್ದೆಗಳಲ್ಲಿ, ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಮನೆಗೊಂದು ಬಾವಿ. ಹಾರೆ ಹಾಕಿದರೆ ಸ್ವಲ್ಪದರಲ್ಲೇ ಹೊಂಡದ ತಳದಲ್ಲಿ ನೀರು ಒಸರತೊಡಗುತ್ತದೆ. ಡಬ್ಬಿಯನ್ನು ಹಿಡಿದು ನಿಂತ ರೈತ ಅಲ್ಲಿ ಯಾವ ದಿಕ್ಕಿಗೆ ನಡೆಯಬೇಕೆಂಬುದನ್ನು ನಿಯಮ ಬರೆದವರು ಹೇಳಿಲ್ಲ.