ಸಿಡಿದೇ ಏಳುತ್ತಿದ್ದ ಕ್ಯಾನ್‌ಬೆರಾ

ನಮ್ಮೂರ ಹೆಸರು ಹೇಳಿದರೆ ಬೆಂಗಳೂರಿನವರಿಗೆ ಪಟಾಕಿ ನೆನಪಾಗಿ ನಗು ಬರುತ್ತದೆ. ನಗಲಿ ಬಿಡಿ. ಪಾಂಡವಪುರ ತಾಲ್ಲೂಕಿನ ಚಿನಕುರಳಿಯಲ್ಲಿ ಕೂತು ವಿಮಾನಗಳ ಹುಚ್ಚು ಹಿಡಿಸಿಕೊಂಡವನಿಗೆ ಪಟಾಕಿ ಅಂದರೆ ಕ್ಯಾನ್‌ಬೆರಾ ವಿಮಾನ.

ಅದು ಸಿಡಿದೇ ಏಳುತ್ತಿತ್ತು. ಇಂಜಿನ್ನಿನ ಮೂತಿಯಲ್ಲಿ ಮೂರು ತೋಟಾ ತುಂಬಿರುತ್ತಿದ್ದರು, ಒಂದು ಸಲಕ್ಕೆ ಒಂದು. ಗುಂಡಿ ಒತ್ತಿದರೆ ಮದ್ದು ಹೊತ್ತಿ, ಅದರ ಅನಿಲಕ್ಕೆ ಪುಟ್ಟದೊಂದು ಟರ್ಬೈನು ಗಿರ್ರನೆ ತಿರುಗಿ, ದೊಡ್ಡ ಏವನ್ ಇಂಜಿನ್ನನ್ನು ಎಬ್ಬಿಸಬೇಕು. ಢಂ ಅನ್ನುವ ಸದ್ದು, ಕಪ್ಪು ಹೊಗೆ. ನೋಡದವರಿಗೆ ಬೆಂಕಿಯೇ ಬಿತ್ತೇನೋ ಅನ್ನಿಸಬೇಕು.

ಬ್ರಿಟನ್ನಿನ ಈ ವಿಮಾನ ಮೊದಲು ಹಾರಿದ್ದು 1949ರ ಮೇ 13ರಂದು. ನಮ್ಮ ವಾಯುಪಡೆಗೆ ಬಂದದ್ದು 1957ರಲ್ಲಿ. ಬಾಂಬು ಹಾಕುವವು ಬೇರೆ. ನನಗೆ ಪ್ರೀತಿ ಪಿಆರ್-57 ಎಂಬ ಬೇಹಿನ ಮಾದರಿಯ ಮೇಲೆ. ಬಂದೂಕಿಲ್ಲ, ಹೊಟ್ಟೆಯಲ್ಲಿ ಕ್ಯಾಮೆರಾ. ಗಂಟೆಗೆ 900 ಕಿ.ಮೀ. ಚಿಲ್ಲರೆ ವೇಗ ಆ ಕಾಲಕ್ಕೆ ಕಡಿಮೆಯದಲ್ಲ, ಆದರೆ ಗುಂಡಿಗಿಂತ ಜೋರಲ್ಲ. 1959ರ ಏಪ್ರಿಲ್ 10ರಂದು ಪಾಕಿಸ್ತಾನದ ಸೇಬರ್ ಯುದ್ಧವಿಮಾನವೊಂದು ರಾವಲ್ಪಿಂಡಿ ಬಳಿ ನಮ್ಮದೊಂದನ್ನು ಹೊಡೆದುರುಳಿಸಿತು. ಒಳಗಿದ್ದ ಇಬ್ಬರೂ ಬದುಕಿ ಉಳಿದರು.

ಆಮೇಲೂ ಹಾರಿದರು. ವಾಯುಪಡೆಯ ಪೈಲಟ್ ಜಗ್ ಮೋಹನ್ ನಾಥ್ ಅಕ್ಸಾಯ್ ಚಿನ್ ಮೇಲೆ ಹೋಗಿ ಚೀನೀಯರ ನೆಲೆಗಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು ತಂದರು, 1965ರಲ್ಲಿ ಪಾಕಿಸ್ತಾನದ ಮೇಲೂ ಹಾರಿದರು. ಮಹಾವೀರ ಚಕ್ರ ಎರಡು ಸಲ ಬಂತು. ನಿರಾಯುಧನಾಗಿ ಹೋಗಿ ಬಂದವನಿಗೆ!

ಚಿತ್ರ ತೆಗೆಯುವ ಈ ಕೆಲಸದಲ್ಲಿ ವಿಮಾನ ನೆಟ್ಟಗೆ, ಅಲುಗದೆ ಸಾಗಬೇಕು. ಒಂದು ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗ ಮುಂದಿನ ಚಿತ್ರದಲ್ಲೂ ಬರುವಂತೆ ಕ್ಯಾಮೆರಾ ಕ್ಲಿಕ್ಕಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಜೋಡಿ ಮಸೂರದಲ್ಲಿ ನೋಡಿದರೆ, ಚಪ್ಪಟೆ ಕಾಗದದಿಂದ ಗುಡ್ಡ ಎದ್ದು ನಿಲ್ಲುತ್ತದೆ, ಕಂದಕ ಇಳಿಯುತ್ತದೆ. ನೆರಳಿನ ಉದ್ದದಿಂದ ಗೋಪುರದ ಎತ್ತರ ಲೆಕ್ಕ ಹಾಕುತ್ತಾರೆ. ಚಿತ್ರ ಮಸುಕಾದರೆ ಹೋಗಿ ಬಂದದ್ದೆಲ್ಲ ದಂಡ.

ವೇಗದ ಮೋಹ ನನಗೂ ಇದೆ. ಅಮೆರಿಕದ ಬೇಹಿನ ವಿಮಾನ ಎಸ್‌ಆರ್-71, 1976ರ ಜುಲೈನಲ್ಲಿ ಗಂಟೆಗೆ 3,529 ಕಿ.ಮೀ. ಮುಟ್ಟಿ ದಾಖಲೆ ಬರೆಯಿತು. ನೆಲದ ಮೇಲೆ ನಿಂತಾಗ ಮಾತ್ರ ಹಳೇ ಟ್ರ್ಯಾಕ್ಟರಿನಂತೆ ಸಂದುಗಳಿಂದ ಇಂಧನ ಜಿನುಗುತ್ತಿತ್ತು. ಮೇಲೇರಿ ಬಿಸಿಯಾಗಿ ಲೋಹ ಹಿಗ್ಗಿದ ಮೇಲೆ ಬಂದ್. ಸೋವಿಯತ್ತಿನ ಮಿಗ್-25 ನಮಗೆ 1981ರಲ್ಲಿ ಸಿಕ್ಕಿತು. ಬರೇಲಿಯಲ್ಲಿತ್ತು ಅದರ ಠಾಣೆ, ಹೆಸರು ಗರುಡ. ಪೂರಾ ಓಟದಲ್ಲಿ ನಿಮಿಷಕ್ಕೆ ಸುಮಾರು 50 ಕಿ.ಮೀ. ಪಾಂಡವಪುರದಲ್ಲಿ ಬಸ್ ಹತ್ತಿದವನು ಟಿಕೆಟಿಗೆ ಚಿಲ್ಲರೆ ಹುಡುಕುವಷ್ಟರಲ್ಲಿ ಗರುಡ ಮೈಸೂರು ದಾಟಿರುತ್ತಿತ್ತು. ಮೈಯೆಲ್ಲ ಬಹುಪಾಲು ಉಕ್ಕು, ಏಕೆಂದರೆ ಆ ಓಟದ ಕಾವನ್ನು ಅಲ್ಯೂಮಿನಿಯಂ ತಾಳದು.

ಆದರೂ ನನ್ನ ಓಟು ಕ್ಯಾನ್‌ಬೆರಾಕ್ಕೇ. ಅದನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದ್ದು ಬೆಂಗಳೂರಿನ ಎಚ್‌ಎಎಲ್. ಅಲ್ಲಿನ ವಿಮಾನ ಸಂಗ್ರಹಾಲಯದ ಅಂಗಳದಲ್ಲಿ ಒಂದು ಕ್ಯಾನ್‌ಬೆರಾ ನಿಂತಿದೆ. ಹೋದರೆ ಮೊದಲು ರೆಕ್ಕೆ ನೋಡಿ: ರಾಗಿ ಮೊರದ ಹಾಗೆ ಅಗಲ. ತೆಳುಗಾಳಿಯಲ್ಲಿ ತೇಲಿಸುತ್ತಿದ್ದದ್ದು ಆ ಅಗಲವೇ.

1999ರ ಮೇ 21ರಂದು ಕಾರ್ಗಿಲ್ ಮೇಲೆ ಒಂದು ಪಿಆರ್-57ಕ್ಕೆ ಕ್ಷಿಪಣಿ ತಗುಲಿತು. ಪೈಲಟ್ ಪೆರುಮಾಳ್, ಜೊತೆಗಿದ್ದ ಝಾ, ಒಂದೇ ಇಂಜಿನ್ನಿನಲ್ಲಿ ಶ್ರೀನಗರಕ್ಕೆ ತಂದು ಇಳಿಸಿದರು. ಕ್ಯಾನ್‌ಬೆರಾದ ಮೊದಲ ಹಾರಾಟಕ್ಕೆ ಆಗ ಭರ್ತಿ ಐವತ್ತು ವರ್ಷ.

ಕ್ಯಾನ್‌ಬೆರಾಕ್ಕಿಂತ ಇಪ್ಪತ್ತನಾಲ್ಕು ವರ್ಷ ತಡವಾಗಿ ಬಂದ ಗರುಡ 2006ರ ಮೇನಲ್ಲಿ ನಿವೃತ್ತಿಯಾಯಿತು. ಕ್ಯಾನ್‌ಬೆರಾಕ್ಕೆ ಆಗ್ರಾದಲ್ಲಿ ಬೀಳ್ಕೊಡುಗೆ ಆದದ್ದು ಮುಂದಿನ ವರ್ಷ, ಮೇ 11ಕ್ಕೆ.