ಕಡಲಾಚೆಯ ಮಾಸ್ತರರು ನಮ್ಮ ಪುಸ್ತಕಗಳಲ್ಲಿ ಎಲ್ಲಿದ್ದಾರೆ?

ಬೆಲ್ಲದ ಬಾಗೇವಾಡಿಯ ತರುಣಿಯೊಬ್ಬಳು ಈಚೆಗೆ ನಮಗೊಂದು ಪ್ರಶ್ನೆ ಹಾಕಿದಳು. ಇಂಗ್ಲಿಷಿನಲ್ಲಿ ಎಂ.ಎ. ಮಾಡಿ, ಮೇಲೆ ಬಿ.ಎಡ್. ಮುಗಿಸಿದವಳು. ಒಮಾನಿನ ಶಾಲೆಯೊಂದಕ್ಕೆ ಇಂಗ್ಲಿಷ್ ಕಲಿಸಲು ಹೊರಟಿದ್ದಳು. ‘ಹಂಗ ಹೋಗಿ ಕಲಿಸಿದವರು ಕನ್ನಡದಾಗ ಬರದ ಪುಸ್ತಕ ಯಾವ್ದಾರ ಐತೇನ್ರಿ, ಸರ?’ ಉತ್ತರಕ್ಕೆ ನಾವು ಎರಡು ದಿನ ಸಮಯ ಕೇಳಿದೆವು. ಕಪಾಟು ತೆಗೆದು ನೋಡಿದೆವು, ಗೆಳೆಯರನ್ನು ವಿಚಾರಿಸಿದೆವು. ಪರದೇಶದ ಬಗೆಗಿನ ಪುಸ್ತಕಗಳಿಗೆ ಬರವಿರಲಿಲ್ಲ. ಆದರೆ ಅವಳ ಕೈಗೆ ಕೊಡಬಹುದಾದದ್ದು ಒಂದೂ ಸಿಗಲಿಲ್ಲ. ಹೀಗೇಕೆ ಎಂಬ ಯೋಚನೆಯೇ ಈ ಬರಹಕ್ಕೆ ಕಾರಣ.

ಸಿಕ್ಕ ಪುಸ್ತಕಗಳನ್ನೇ ಮೊದಲು ನೋಡೋಣ. ಹೆಸರಿನಲ್ಲಿ ನಮ್ಮ ನೆರೆಯೂರನ್ನು ಹೊತ್ತ, ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ‘ಸಮುದ್ರದಾಚೆಯಿಂದ’ ಆ ಪಯಣದ ಫಲ. ಅಲ್ಲಿರುವುದು ಕಲಿಯಲು ಹೋದವರ ಕಣ್ಣು. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದು ಅತಿಥಿಯ ಕಣ್ಣು. ಕೊಲ್ಲಾಪುರದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಶಾಂತಿನಾಥ ದೇಸಾಯಿಯವರ ‘ವಿಕ್ಷೇಪ’ (1971) ಕಾದಂಬರಿಯ ನಾಯಕ ಉತ್ತರ ಕರ್ನಾಟಕದ ಹಳ್ಳಿಯವನು. ಮುಂಬಯಿಯಲ್ಲಿ ಇಂಗ್ಲಿಷ್ ಓದಿ, ಕೊನೆಗೆ ಇಂಗ್ಲೆಂಡಿನ ದಾರಿ ಹಿಡಿಯುತ್ತಾನೆ. ಅದು ತನ್ನ ಊರಿನಿಂದ ತಪ್ಪಿಸಿಕೊಳ್ಳುವವನ ಕಣ್ಣು.

ವಿದ್ಯಾರ್ಥಿ, ಅತಿಥಿ, ಪಲಾಯನ ಮಾಡುವವ. ಕನ್ನಡದಲ್ಲಿ ಪರದೇಶವನ್ನು ಕಂಡದ್ದು ಬಹುಪಾಲು ಈ ಮೂವರು. ಮೂವರಿಗೂ ಆ ನೆಲ ಒಂದು ನೋಟ, ಇಲ್ಲವೆ ತನ್ನ ಮುಖ ಕಾಣುವ ಕನ್ನಡಿ. ಅಲ್ಲಿನ ಮಗುವೊಂದರ ಎದುರು ದಿನವೂ ಸೀಮೆಸುಣ್ಣ ಹಿಡಿದು ನಿಲ್ಲಬೇಕಾದ ನಾಲ್ಕನೆಯವರು ಕಾಣುವುದಿಲ್ಲ.

ಕಲಿಸಲು ಹೋದ ದೊಡ್ಡವರು ನಮ್ಮಲ್ಲಿ ಇಲ್ಲವೆಂದಲ್ಲ. ಎ.ಕೆ. ರಾಮಾನುಜನ್ 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಮಾಸ್ತರರಾಗಿದ್ದರು. ಪಾಠದಷ್ಟಕ್ಕೇ ನಿಲ್ಲದೆ ಸುತ್ತಲ ಊರುಗಳ ಅಜ್ಜಿಕತೆಗಳಿಗೂ ಕಿವಿಕೊಟ್ಟರು. ‘ಹಂಚಿ’ಯ ಕತೆ ಅವರಿಗೆ 1955ರಲ್ಲಿ ಕಿತ್ತೂರಿನಲ್ಲಿ ಸಿಕ್ಕಿತು. 1959ರಲ್ಲಿ ಅಮೆರಿಕಕ್ಕೆ ಹೋದರು. ಮುಂದೆ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದು ಭಾಷಾವಿಜ್ಞಾನವನ್ನು ಮತ್ತು ದ್ರಾವಿಡ ನುಡಿಗಳನ್ನು. 1969ರಲ್ಲಿ ‘ಹೊಕ್ಕುಳಲ್ಲಿ ಹೂವಿಲ್ಲ’, 1973ರಲ್ಲಿ ವಚನಗಳ ಇಂಗ್ಲಿಷ್ ಅನುವಾದ ‘ಸ್ಪೀಕಿಂಗ್ ಆಫ್ ಶಿವ’ ಬಂದವು. ನಮ್ಮ ಸೀಮೆಯ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರೂ 1968–69ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಕಲಿಸಿ ಬಂದರು. ಮರಳಿದ ಮೇಲೆ ‘ಜೋಕುಮಾರಸ್ವಾಮಿ’ಯಂಥ ನಾಟಕ ಕೊಟ್ಟರು.

ಇಬ್ಬರ ಬಗ್ಗೆಯೂ ನಮಗೆ ಹೆಮ್ಮೆಯಿದೆ. ಆದರೆ ಬಾಗೇವಾಡಿಯ ಹುಡುಗಿಗೆ ಇವರ ದಾರಿ ಪೂರಾ ಒದಗುವುದಿಲ್ಲ. ಅವರು ತಮ್ಮ ಮನೆಯ ಬುತ್ತಿಯನ್ನು ಪರರಿಗೆ ಉಣಬಡಿಸಲು ಹೋದವರು. ಇವಳ ಬುತ್ತಿಯಲ್ಲಿ ಇರುವುದೇ ಪರರ ಅನ್ನ. ಇಂಗ್ಲಿಷ್ ಇವಳ ತಾಯಿಯದಲ್ಲ, ಅಲ್ಲಿ ಕಲಿಯುವ ಮಗುವಿನ ತಾಯಿಯದೂ ಅಲ್ಲ. ಯಾರದೋ ಮನೆಯ ಮಾತನ್ನು ಇಬ್ಬರು ಪರಕೀಯರು ಎದುರುಬದುರು ಕೂತು ಹಂಚಿಕೊಳ್ಳಬೇಕು. ನಮ್ಮ ಕಾಲದ ಬಹಳ ವಿಚಿತ್ರವಾದ, ಬಹಳ ಮಾನವೀಯವಾದ ಸಂದರ್ಭವಿದು. ಒಂದು ಕಾದಂಬರಿಗೆ ಇದು ಸಾಲದೆ?

ಒಂದು ಸಣ್ಣ ಉದಾಹರಣೆ. ಅರಬ್ಬಿಯಲ್ಲಿ ‘ಪ’ಕಾರವಿಲ್ಲ. ಹೊಸದಾಗಿ ಕಲಿಯುವ ಮಗುವಿನ ಬಾಯಲ್ಲಿ ‘ಪೆನ್’ ಎಂಬುದು ‘ಬೆನ್’ ಆಗುತ್ತದೆ. ಮಾಸ್ತರರು ತಿದ್ದುತ್ತಾರೆ. ಅದೇ ಮಾಸ್ತರರ ನಾಲಗೆಯಲ್ಲಿ, ಚಿಕ್ಕಂದಿನ ಓಣಿಯ ರೂಢಿಯಂತೆ, ‘ಸ್ಕೂಲ್’ ಎಂಬುದು ‘ಇಸ್ಕೂಲ್’ ಆಗಿ ಹೊರಬಿದ್ದರೆ? ಆಗ ತರಗತಿಯಲ್ಲಿ ಏಳುವ ನಗು ಯಾರ ಮೇಲಿನದು? ಆ ನಗುವಿಗೆ ಕುಗ್ಗದೆ, ತಾವೂ ನಕ್ಕು ಪಾಠ ಮುಂದುವರಿಸುವುದನ್ನು ಯಾವ ಬಿ.ಎಡ್. ಹೇಳಿಕೊಟ್ಟೀತು?

ಮುಸ್ಲಿಂ ಮನೆಗಳಿಂದ ಹೋಗುವವರಿಗೆ ಇನ್ನೊಂದು ಪಾಠ ಕಾದಿರುತ್ತದೆ. ಅರಬ್ ನಾಡು ನಮಗೆ ಪರದೇಶವೇ ಅಲ್ಲ ಎಂಬ ಭಾವನೆ ಮನಸ್ಸಿನಲ್ಲಿ ಇರುತ್ತದೆ. ಮದ್ರಸಾದಲ್ಲಿ ಕುರ್‌ಆನ್ ಓದಲು ಕಲಿತಿದ್ದೇವಲ್ಲ! ಅಲ್ಲಿ ಇಳಿದ ಮೇಲೆ ಉಳ್ಳಾಗಡ್ಡಿಯ ದರ ಕೇಳಲು ಆ ಅರಬ್ಬಿ ನೆರವಿಗೆ ಬರುವುದಿಲ್ಲ. ಗ್ರಂಥದ ನುಡಿ ಬೇರೆ, ಪೇಟೆಯ ನುಡಿ ಬೇರೆ. ನಮಾಜಿನ ಸಾಲಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತವರೇ ಮಸೀದಿಯ ಹೊರಗೆ ಬಂದಾಗ ಒಬ್ಬರು ಪ್ರಜೆ, ಇನ್ನೊಬ್ಬರು ಕರಾರಿನ ನೌಕರ. ಈ ಅನುಭವವನ್ನು ದೂರಾಗಿಯೂ ಅಲ್ಲ, ದುಃಖವಾಗಿಯೂ ಅಲ್ಲ, ಕಂಡಷ್ಟೇ ಕಂಡಂತೆ ಬರೆಯುವವರು ಬೇಕಾಗಿದ್ದಾರೆ.

ಹಾಗೆ ಬರೆಯುವುದಕ್ಕೆ ಹಳೆಯ ಮೇಲ್ಪಂಕ್ತಿಯೂ ಇದೆ. 14ನೇ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂದ ಇಬ್ನ್ ಬತೂತ ಹೊನ್ನಾವರದಲ್ಲಿ ಹೆಣ್ಣುಮಕ್ಕಳ 13, ಗಂಡುಮಕ್ಕಳ 23 ಶಾಲೆಗಳಿದ್ದವೆಂದು ಬರೆದಿಟ್ಟಿದ್ದಾನೆ. ಪರದೇಶದಲ್ಲಿ ಶಾಲೆ ಎಣಿಸಿದ ಪ್ರವಾಸಿ ಅವನು! ಮುಂದೆ ಮಾಲ್ದೀವ್ಸ್‌ನಲ್ಲಿ ಖಾಝಿಯಾದಾಗ ಅಲ್ಲಿನ ಹೆಂಗಸರ ಉಡುಗೆಯನ್ನು ಬದಲಿಸಲು ಹೊರಟು, ತನ್ನಿಂದ ಆಗಲಿಲ್ಲವೆಂದು ಒಪ್ಪಿಕೊಂಡದ್ದನ್ನೂ ಮುಚ್ಚಿಡಲಿಲ್ಲ. ಹೋದ ನಾಡನ್ನು ತಿದ್ದಲು ಹೊರಟವನು ಸೋತ. ಆದರೆ ಸೋಲನ್ನು ಬರೆದ. ಅದೇ ಮಾಲ್ದೀವ್ಸ್‌ನ ದ್ವೀಪಗಳ ಶಾಲೆಗಳಿಗೆ ಭಾರತದ ಶಿಕ್ಷಕರು ಹೋಗಿ ಕಲಿಸುತ್ತ ಬಂದಿದ್ದಾರೆ. ಇಥಿಯೋಪಿಯಾದಲ್ಲಿ ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಿಂದಲೂ ಭಾರತೀಯ ಮಾಸ್ತರರು ಇದ್ದರು. ಇವರ ಗೆಲುವನ್ನಾಗಲಿ ಸೋಲನ್ನಾಗಲಿ ಕನ್ನಡದಲ್ಲಿ ನಾವು ಓದಿದ್ದೇವೆಯೆ?

ಏಕೆ ಇಲ್ಲ? ಒಂದು, ಬರೆದವರು ಬಹುತೇಕ ವಿದ್ಯಾರ್ಥಿವೇತನದ ಮೇಲೆ, ಆಹ್ವಾನದ ಮೇಲೆ ಹೋದವರು. ಅವರಿಗೆ ಬಿಡುವಿತ್ತು, ಮರಳಿದಾಗ ಸಭೆಗಳಿದ್ದವು. ಶಾಲಾ ಮಾಸ್ತರರು ಹೋಗುವುದು ಎರಡು ವರ್ಷದ ಕರಾರಿನ ಮೇಲೆ, ತಂಗಿಯ ಮದುವೆಗೆ, ಮನೆಯ ಸಾಲಕ್ಕೆ. ಎರಡು, ನಮ್ಮ ವಿಮರ್ಶೆಗೆ ‘ಪರಕೀಯ ಪ್ರಜ್ಞೆ’ ಎಂದರೆ ಸಾಹಿತ್ಯ, ‘ಸಂಬಳ’ ಎಂದರೆ ಬರೀ ಹೊಟ್ಟೆಪಾಡು. ಹಣಕ್ಕಾಗಿ ಹೋದವರ ಅಂತರಂಗಕ್ಕೆ ಬೆಲೆಯಿಲ್ಲವೆಂಬ ಈ ಗರ್ವವನ್ನು ನಾವು ಒಪ್ಪುವುದಿಲ್ಲ. ಗಲ್ಫ್ ಎಂದರೆ ಊರಿಗೆ ಬಂದು ಬೀಳುವ ದುಡ್ಡು, ಎತ್ತರದ ಮನೆ ಎಂದಷ್ಟೇ ನೋಡುತ್ತ ಬಂದ ತಪ್ಪು ಮುಸ್ಲಿಂ ಓದುಗರಾದ ನಮ್ಮದೂ ಹೌದು.

ಇದರಲ್ಲಿ ಮಾನದ ಪ್ರಶ್ನೆಯೂ ಇದೆ. ದಕ್ಷಿಣ ಕೊರಿಯಾ ಇಂಗ್ಲಿಷ್ ಬೋಧಕರ ವೀಸಾವನ್ನು 7 ದೇಶಗಳ ಪ್ರಜೆಗಳಿಗೆ ಮೀಸಲಿಟ್ಟಿತು. ಅವರಿಗೆ ಯಾವುದಾದರೊಂದು ಪದವಿ ಇದ್ದರೆ ಸಾಕು. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಒಪ್ಪಂದದಿಂದ ನಮ್ಮವರಿಗೂ ಒಂದು ಕಿಂಡಿ ತೆರೆಯಿತು. ಆದರೆ ಅದು ಸಹಾಯಕ ಬೋಧಕರ ಸ್ಥಾನಕ್ಕೆ, ಅದಕ್ಕೂ ಶಿಕ್ಷಕ ತರಬೇತಿಯ ಪ್ರಮಾಣಪತ್ರ ಬೇಕು. ಅಂದರೆ ಕಲಿಸಲು ಕಲಿತದ್ದಕ್ಕಿಂತ ಹುಟ್ಟಿದ ನೆಲಕ್ಕೇ ಹೆಚ್ಚು ಅಂಕ. ಗೋಕಾಕರು ನಿರ್ದೇಶಕರಾಗಿದ್ದ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಇಂದು ವಿಶ್ವವಿದ್ಯಾಲಯವಾಗಿದೆ. ಅನ್ಯ ದೇಶಗಳ ಇಂಗ್ಲಿಷ್ ಶಿಕ್ಷಕರೂ ಅಲ್ಲಿಗೆ ತರಬೇತಿಗೆ ಬರುತ್ತಾರೆ. ಹಾಗಿದ್ದೂ ನಮ್ಮ ಮಾಸ್ತರರು ಅನೇಕ ಕಡೆ ಹಿಂಬಾಗಿಲಲ್ಲಿ ನಿಲ್ಲಬೇಕು. ಇಂಗ್ಲಿಷ್ ಯಾರದು ಎಂಬ ಚರ್ಚೆಯನ್ನು ನಮ್ಮ ಪಂಡಿತರು ವಿಚಾರಸಂಕಿರಣಗಳಲ್ಲಿ ಮಾಡುತ್ತಾರೆ. ವೀಸಾದ ಅರ್ಜಿ ತುಂಬುವವರಿಗೆ ಅದು ಅನ್ನದ ಪ್ರಶ್ನೆ.

ಕೊನೆಗೆ ಆ ಹುಡುಗಿಗೆ ನಾವು ರಾಮಾನುಜನ್ನರ ಕತೆ ಹೇಳಿದೆವು. ಬೆಳಗಾವಿ ಅವರಿಗೂ ಪರ ಊರೇ. ಇಂಗ್ಲಿಷ್ ಕಲಿಸಲು ಬಂದವರು ಇಲ್ಲಿನ ಕತೆ ಕೇಳಿಸಿಕೊಂಡರು. ಊರಿಗೆ ಹೊಂದಿಕೊಳ್ಳುವುದೆಂದರೆ ಊಟ, ಹವೆ ರೂಢಿಯಾಗುವುದಷ್ಟೇ ಅಲ್ಲ. ‘ನೀನೂ ಅಲ್ಲಿನ ಮಕ್ಕಳ ಅಜ್ಜಿಯಂದಿರು ಹೇಳುವ ಒಂದು ಕತೆ ಕೇಳಿಕೊಂಡು ಬಾ’ ಎಂದೆವು. ಜೊತೆಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಟ್ಟೆವು. ಅವಳು ಕೇಳಿದ ಪುಸ್ತಕ ಇಲ್ಲ ನಿಜ. ಅದನ್ನು ಬರೆಯಬಲ್ಲವರು ಈಗ ಮಸ್ಕತ್ತಿನಲ್ಲೋ ಮಾಲೆಯಲ್ಲೋ ಉತ್ತರಪತ್ರಿಕೆ ತಿದ್ದುತ್ತ ಕೂತಿರಬಹುದು. ಅವರಲ್ಲಿ ಯಾರಾದರೂ ಈ ಪುಟ ಓದುತ್ತಿದ್ದರೆ ನಮ್ಮ ಕೋರಿಕೆ ಇಷ್ಟೆ: ಕನ್ನಡದಲ್ಲಿ ಬರೆಯಿರಿ. ಕಾಗುಣಿತ ತಪ್ಪಿದರೆ ತಿದ್ದಿಕೊಳ್ಳೋಣ.