ತಪಸ್ಸು ಕಾಲ: ವಿಭೂತಿ, ಒಪ್ಪತ್ತು ಮತ್ತು ಮಿತಿ
(ಮುದಗಲ್ ಪರಿಸರದ ಕಥೋಲಿಕ ವ್ರತಾಚರಣೆಯ ಪರಿಭಾಷೆ: ಒಂದು ವಿಮರ್ಶೆ)

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ಪರಿಸರದ ಧಾರ್ಮಿಕ ಬದುಕನ್ನು ಕುರಿತ ಬರಹಗಳಲ್ಲಿ ‘ಸಮನ್ವಯ’ ಎಂಬ ಪದ ಬಹುಬೇಗ ಬಂದುಬಿಡುತ್ತದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಪಟ್ಟಣದ ಮೊಹರಂ ಇದಕ್ಕೆ ಸಿದ್ಧ ನಿದರ್ಶನವಾಗಿದೆ. ಅದೇ ಪಟ್ಟಣದ ಕಥೋಲಿಕ ಸಮುದಾಯವನ್ನು ಕುರಿತು ಮಾತನಾಡುವಾಗಲೂ ಈ ಪದವನ್ನೇ ಅನ್ವಯಿಸುವುದು ಸುಲಭ. ಮುದಗಲ್ಲಿನ ಕ್ರೈಸ್ತ ನೆಲೆಯನ್ನು ಪರಂಪರೆಯು 16ನೆಯ ಶತಮಾನದ ಆದಿಲ್‌ಶಾಹಿ ಕಾಲಕ್ಕೆ, ಯೇಸುಸಭೆಯ ಪಾದ್ರಿಗಳ ಆಗಮನಕ್ಕೆ ಒಯ್ಯುತ್ತದೆ. ಇಂದು ಈ ಭಾಗವು 1949ರಲ್ಲಿ ಸ್ಥಾಪನೆಗೊಂಡ ಬಳ್ಳಾರಿ ಧರ್ಮಕ್ಷೇತ್ರದ ವ್ಯಾಪ್ತಿಯಲ್ಲಿದೆ. ಇಷ್ಟು ದೀರ್ಘಕಾಲ ಒಂದು ನೆಲದಲ್ಲಿ ಬಾಳಿದ ಸಮುದಾಯದ ಆಚರಣೆಯನ್ನು ‘ನೆರೆಯವರಿಂದ ಪಡೆದದ್ದು’ ಎಂಬ ಒಂದೇ ಸೂತ್ರದಿಂದ ವಿವರಿಸಬಹುದೇ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ. ತಪಸ್ಸು ಕಾಲದ ಪರಿಭಾಷೆ ಈ ಪ್ರಶ್ನೆಯ ಪರಿಶೀಲನೆಗೆ ತಕ್ಕ ಸಾಮಗ್ರಿಯಾಗಿದೆ.

ಪಾಸ್ಕ ಹಬ್ಬಕ್ಕೆ ಮುಂಚಿನ 46 ದಿನಗಳಲ್ಲಿ 6 ಭಾನುವಾರಗಳನ್ನು ಬಿಟ್ಟು 40 ದಿನಗಳ ಈ ವ್ರತವನ್ನು ಎಣಿಸಲಾಗುತ್ತದೆ. ಯೇಸು ಮರುಭೂಮಿಯಲ್ಲಿ ಕಳೆದ 40 ದಿನಗಳ ಉಪವಾಸ ಇದರ ಮಾದರಿ. ಕರಾವಳಿಯ ಕೊಂಕಣಿ ಕಥೋಲಿಕರು ಇದನ್ನು ‘ಕರೆಜ್ಮ’ ಎನ್ನುತ್ತಾರೆ. ನಲವತ್ತನೆಯದು ಎಂಬರ್ಥದ ಲ್ಯಾಟಿನ್ ಮೂಲದಿಂದ ಪೋರ್ಚುಗೀಸಿನ ಮೂಲಕ ಬಂದ ಪದವಿದು. ಕನ್ನಡದ ಆರಾಧನಾ ಭಾಷೆ ಮಾತ್ರ ಸಂಖ್ಯೆಯನ್ನು ಬಿಟ್ಟು ಕ್ರಿಯೆಯನ್ನು ಹಿಡಿಯಿತು. ‘ತಪಸ್ಸು ಕಾಲ’ ಎಂದಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ತರುವಾಯ ಲ್ಯಾಟಿನ್ನಿನ ಸ್ಥಾನಕ್ಕೆ ಜನಭಾಷೆಗಳು ಬಂದಾಗ ಇಂತಹ ಪದಗಳ ಹೊಣೆ ಹೆಚ್ಚಿತು. ತಪಸ್ಸು ಭಾರತೀಯ ಪರಂಪರೆಯಲ್ಲಿ ಪ್ರಧಾನವಾಗಿ ಋಷಿಯ, ವಿರಕ್ತನ ಸಾಧನೆ. ಇಲ್ಲಿ ಅದು ಹೊಲಗೆಲಸ ಮಾಡುವ, ಮಕ್ಕಳನ್ನು ಸಾಕುವ ಗೃಹಸ್ಥರ ಋತುಧರ್ಮವಾಗಿದೆ. ಕಾಡಿಗೆ ಹೋಗಬೇಕಿಲ್ಲ, ಕಾಲವೇ ಕಾಡಾಗುತ್ತದೆ. ಪದ ಹಳೆಯದು, ಅದರ ಅಧಿಕಾರಿ ಹೊಸಬ.

‘ವಿಭೂತಿ ಬುಧವಾರ’ ಎಂಬ ಹೆಸರು ಇನ್ನೂ ಹೆಚ್ಚಿನ ಎಚ್ಚರವನ್ನು ಬೇಡುತ್ತದೆ. ಶೈವ, ವೀರಶೈವ ಸಂಸ್ಕೃತಿ ಗಾಢವಾಗಿರುವ ಈ ನೆಲದಲ್ಲಿ ಹಣೆಯ ಬೂದಿ ಎಲ್ಲರಿಗೂ ಪರಿಚಿತ ಗುರುತು. ಆದರೆ ಅಷ್ಟಾವರಣಗಳಲ್ಲಿ ಒಂದಾದ ವಿಭೂತಿ ಭಕ್ತನನ್ನು ಕಾಯುವ ಆವರಣ. ಗೋಮಯದಿಂದ ಸಿದ್ಧವಾದ ಅದನ್ನು ಭಕ್ತ ನಿತ್ಯವೂ ತನ್ನ ಕೈಯಿಂದಲೇ ಧರಿಸುತ್ತಾನೆ. ಕಥೋಲಿಕರ ಬೂದಿ ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಸುಟ್ಟು ಪಡೆದದ್ದು. ವರ್ಷಕ್ಕೊಮ್ಮೆ, ಇನ್ನೊಬ್ಬರ ಕೈಯಿಂದ, ಶಿಲುಬೆಯ ಗುರುತಾಗಿ ಅದು ಹಣೆಗೆ ಬರುತ್ತದೆ. ಅದು ಕಾಯುವುದಿಲ್ಲ, ಮನುಷ್ಯ ಮಣ್ಣಿನಿಂದ ಬಂದು ಮಣ್ಣಿಗೆ ಮರಳುವವನೆಂದು ನೆನಪಿಸುತ್ತದೆ, ಪಶ್ಚಾತ್ತಾಪಕ್ಕೆ ಕರೆಯುತ್ತದೆ. ಜಯಘೋಷದ ಗರಿಯೇ ಬೂದಿಯಾಗುವುದರಲ್ಲಿ ಕೀರ್ತಿಯ ಅಸ್ಥಿರತೆಯ ಸೂಚನೆಯೂ ಇದೆ. ವಸ್ತು ಬೂದಿಯೇ ಆದರೂ ಅದರ ವ್ಯಾಕರಣ ಬೇರೆ. ಇದನ್ನು ಅನುಕರಣೆ ಎಂದರೆ ಎರಡೂ ಪರಂಪರೆಗಳಿಗೆ ಅನ್ಯಾಯವಾಗುತ್ತದೆ.

ಪಂಚಾಂಗದ ನೆರೆಹೊರೆಯನ್ನೂ ಹೀಗೆಯೇ ನೋಡಬೇಕು. 2025ರಲ್ಲಿ ಮಹಾಶಿವರಾತ್ರಿ ಫೆಬ್ರುವರಿ 26ರಂದು ಬಂದಿತು. ರಂಜಾನ್ ಉಪವಾಸ ಮಾರ್ಚ್ 2ರಂದು, ತಪಸ್ಸು ಕಾಲ ಮಾರ್ಚ್ 5ರಂದು ಆರಂಭವಾದವು. ಎಂಟು ದಿನಗಳೊಳಗೆ ಮೂರು ಸಮುದಾಯಗಳ ಉಪವಾಸ ಕೂಡಿಬಂದವು. ಆದರೆ ಒಂದು ಜಾಗರಣೆಯ ರಾತ್ರಿ, ಇನ್ನೊಂದು ಹಗಲಿಡೀ ನೀರನ್ನೂ ತೊರೆಯುವ ತಿಂಗಳು. ಕಥೋಲಿಕರದು ಒಪ್ಪತ್ತಿನ ಪೂರ್ಣ ಊಟ, ಉಳಿದ ಎರಡು ಹೊತ್ತು ಅಲ್ಪಾಹಾರ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಈ ಉಪವಾಸ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು ಕಡ್ಡಾಯ; ಅದು 18 ತುಂಬಿದವರಿಂದ 59 ತುಂಬುವವರೆಗಿನವರಿಗೆ ಅನ್ವಯಿಸುತ್ತದೆ. ಮಾಂಸವರ್ಜನೆಯ ನಿಯಮ 14 ತುಂಬಿದವರಿಗೆ. ಉಳಿದ ದಿನಗಳ ಉಪವಾಸ ಭಕ್ತರ ಸಂಕಲ್ಪಕ್ಕೆ ಸೇರಿದ್ದು.

ಹಾಗಾದರೆ ಈ ವ್ರತಕ್ಕೆ ನೆಲದ ನಂಟು ಎಲ್ಲಿದೆ? ಅದನ್ನು ಗುರುತುಗಳಲ್ಲಲ್ಲ, ಸಾಮಾನ್ಯನ ಸಂಯಮದ ವಿಚಾರದಲ್ಲಿ ಹುಡುಕಬೇಕು. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕ ಶಾಸನ, ಧರ್ಮದ ಸಾಧನೆ ದೊಡ್ಡವರಿಗಷ್ಟೇ ಅಲ್ಲ, ಶ್ರಮಿಸುವ ಚಿಕ್ಕವರಿಗೂ ಎಟಕುತ್ತದೆಂದು ಸಾರುತ್ತದೆ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದೊಂದಿಗೆ ನಂಟುಳ್ಳ ಶರಣೆ ಆಯ್ದಕ್ಕಿ ಲಕ್ಕಮ್ಮ, ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡ ಮಾರಯ್ಯನನ್ನು ಮರಳಿ ಕಳಿಸಿದ ಕಥೆ ಜನಜನಿತ. ಪ್ರಾರ್ಥನೆ, ಉಪವಾಸ, ದಾನ ಎಂಬ ತಪಸ್ಸು ಕಾಲದ ಮೂರು ಅಂಗಗಳು ಒಂದಾಗುವುದೂ ಇದೇ ಮಿತಿಯ ಅರಿವಿನಲ್ಲಿ: ತಟ್ಟೆಯಲ್ಲಿ ಉಳಿಸಿದ್ದು ಹಸಿದವನಿಗೆ ಸಲ್ಲಬೇಕು. ಇಲ್ಲಿಯೂ ಭೇದವಿದೆ. ಲಕ್ಕಮ್ಮನ ಮಿತಿಗೆ ಋತುವಿಲ್ಲ, ಅದು ಕಾಯಕದ ನಿತ್ಯನಿಯಮ. ಕಥೋಲಿಕರದು ಯೇಸುವಿನ ಯಾತನೆಯ ಸ್ಮರಣೆಗೆ, ಪಾಪಪ್ರಜ್ಞೆಗೆ ಕಟ್ಟಿದ ಕಾಲ. ಭೇದವನ್ನು ಒಪ್ಪಿದಾಗ ಮಾತ್ರ ಸಾಮ್ಯಕ್ಕೆ ಬೆಲೆ ಬರುತ್ತದೆ.

ಈ ಚರ್ಚೆಯ ನಿಜವಾದ ಒರೆಗಲ್ಲು ಬಡತನ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರನ್ನು ಭತ್ತದ ನಾಡಾಗಿಸಿತು. ಮಳೆಯನ್ನೇ ನಂಬಿದ ಊರುಗಳಿಂದ ಕೂಲಿಕಾರರು ಗುಳೆ ಹೋಗುವುದು ಮಾತ್ರ ಈ ಸೀಮೆಯ ಹಳೆಯ ಕಥೆಯಾಗಿಯೇ ಉಳಿದಿದೆ. ಮಾಂಸವೇ ಅಪರೂಪವಾದ ಮನೆಗೆ ಮಾಂಸವರ್ಜನೆ ಯಾವ ತ್ಯಾಗ? ದಿನವೂ ಒಪ್ಪತ್ತು ಉಣ್ಣುವವನಿಗೆ ಒಪ್ಪತ್ತು ಯಾವ ವ್ರತ? ಕಠಿಣ ದೇಹಶ್ರಮದವರನ್ನೂ ಕಡುಬಡವರನ್ನೂ ಧರ್ಮಸಭೆಯ ಪರಂಪರೆ ಉಪವಾಸದಿಂದ ವಿನಾಯಿತಿಗೊಳಿಸುತ್ತ ಬಂದಿದೆ. ಆದರೆ ವಿನಾಯಿತಿಯಿಂದಷ್ಟೇ ಪ್ರಶ್ನೆ ಮುಗಿಯದು. ವಿಭೂತಿ ಬುಧವಾರದ ನಂತರದ ಶುಕ್ರವಾರ ಪೂಜೆಯಲ್ಲಿ ಓದುವ ಯೆಶಾಯನ ಗ್ರಂಥದ 58ನೆಯ ಅಧ್ಯಾಯ, ಉಪವಾಸದ ದಿನವೇ ಆಳುಗಳನ್ನು ಹಿಂಸಿಸಿ ದುಡಿಸುವವರನ್ನು ಖಂಡಿಸುತ್ತದೆ. ನೊಗ ಮುರಿಯುವುದನ್ನೂ ಹಸಿದವನೊಡನೆ ರೊಟ್ಟಿ ಹಂಚಿಕೊಳ್ಳುವುದನ್ನೂ ನಿಜವಾದ ಉಪವಾಸವೆನ್ನುತ್ತದೆ. ಈ ಪಾಠ ಕನ್ನಡದಲ್ಲಿ ಕೇಳಿಬಂದಾಗ ಉಳ್ಳವನಿಗೆ ಅದು ಆಜ್ಞೆ, ಕೂಲಿಕಾರನಿಗೆ ಅವನದೇ ದೂರು.

ಆದ್ದರಿಂದ ಜಾನಪದ ಅಧ್ಯಯನವು ತಪಸ್ಸು ಕಾಲದಲ್ಲಿ ಎರವಲು ಚಿಹ್ನೆಗಳ ಪಟ್ಟಿ ಮಾಡಿ ತೃಪ್ತವಾಗಬಾರದು. ಬೂದಿ ಯಾರದೆಂದು ಕೇಳುವುದಕ್ಕಿಂತ, ಈ ನಲವತ್ತು ದಿನಗಳಲ್ಲಿ ಯಾರ ತಟ್ಟೆಯಿಂದ ಯಾರ ತಟ್ಟೆಗೆ ಏನು ಸಾಗಿತು ಎಂದು ಕೇಳುವುದು ಹೆಚ್ಚು ಫಲಕಾರಿ.